ಟೆಲಿಸ್ಕೋಪ್ ಕೋಣೆಗೆ ಜಾರುವ ಚಾವಣಿ ಹಾಕಿಸೋರು ದಯವಿಟ್ಟು ಓದಿ

ಹಿತ್ತಲಲ್ಲಿ ಟೆಲಿಸ್ಕೋಪ್ ಇಡೋಕೆ ಜಾರುವ ಚಾವಣಿಯ ಕೋಣೆ ಕಟ್ಟಿಸುತ್ತಿದ್ದೀರಾ? ವೆಲ್ಡಿಂಗ್ ಅಂಗಡಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ.

ನಮ್ಮ ಮನೆ ತುಮಕೂರಿನ ಹೊರಗೆ, ತೋಟದ ಪಕ್ಕ. 10 ಅಡಿಗೆ 10 ಅಡಿ ಕೋಣೆ. ಮೇಲೆ ಚೌಕ ಪೈಪಿನ ಚೌಕಟ್ಟು, ಅದಕ್ಕೆ ಕಲರ್ ಶೀಟು. ಎರಡು ಗೋಡೆಗಳ ಮೇಲೆ ಆ್ಯಂಗಲ್ ಬೋರಲು ಹಾಕಿ ಹಳಿ ಮಾಡಿದ್ದರು. ಕೆಳಗೆ ಆರು ಗೇಟ್ ಚಕ್ರ. ಒಂದೇ ಕೈಯಲ್ಲಿ ತಳ್ಳಿದರೂ ಸರ್ರನೆ ಹೋಗುತ್ತಿತ್ತು. ಎಷ್ಟು ಖುಷಿಯಾಗಿತ್ತು ಗೊತ್ತಾ!

ಆದರೆ ಚಕ್ರಗಳು ಹಳಿಯ ಮೇಲೆ ಸುಮ್ನೆ ಕೂತಿದ್ದವು. ಮೇಲಕ್ಕೆ ಏಳದಂತೆ ಹಿಡಿಯೋಕೆ ಏನೂ ಇರಲಿಲ್ಲ. ನಾನು ಕೇಳಿದೆ. "150 ಕೆ.ಜಿ. ಇದೆ ಸಾರ್, ಎಲ್ಲಿಗೆ ಹಾರತ್ತೆ?" ಅಂದರು. ಒಂದು ಮೂಲೆಗೆ ಬಾಗಿಲ ಚಿಲಕ ಹಾಕಿ ಕೆಲಸ ಮುಗಿಸಿದರು. ನಾನೂ ಒಪ್ಪಿಕೊಂಡೆ.

ಏಪ್ರಿಲ್ ಕೊನೆ, ಭರಣಿ ಮಳೆ. ಮೊದಲು ಧೂಳು, ಆಮೇಲೆ ತೆಂಗಿನ ಗರಿ ಬೀಳೋ ಗಾಳಿ. ಚಾವಣಿ ಮುಚ್ಚಿಯೇ ಇತ್ತು. ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಅಂಚು ಗೇಣುದ್ದ ಎದ್ದು ದಡ್ ಅಂತ ಕೂತಿತು. ಮತ್ತೆ ಎದ್ದಿತು. ಮೂರನೇ ಸಲ ಚಿಲಕ ಕಿತ್ತುಬಂತು. ಇಡೀ ಚಾವಣಿ ಮಗುಚಿ ಬಾಳೆಗಿಡಗಳ ಮೇಲೆ ಬಿತ್ತು. ಹತ್ತು ನಿಮಿಷದ ಹಿಂದೆ ಮಗಳು ಅಲ್ಲೇ ಒಣಗಿದ ಬಟ್ಟೆ ಎತ್ತುತ್ತಿದ್ದಳು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ.

ಮಳೆ ನಿಂತ ಮೇಲೆ ಹೋಗಿ ನೋಡಿದೆ. ಟೆಲಿಸ್ಕೋಪಿಗೆ ಹೊದಿಸಿದ್ದ ಬಟ್ಟೆ ಇರಲಿಲ್ಲ. ಕೊಳವೆಯ ತಳದಲ್ಲಿ 8 ಇಂಚಿನ ಕನ್ನಡಿಯ ಮೇಲೆ ಕೆಸರುನೀರು. ಅದರಲ್ಲಿ ಒಂದು ಬೇವಿನೆಲೆ ತೇಲುತ್ತಿತ್ತು.

ಲೆಕ್ಕ ಕೇಳಿ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗಿರೋ ಭಾರತೀಯ ಮಾನಕ ಐಎಸ್ 875 ಮೂರನೇ ಭಾಗದಲ್ಲಿ ನಮಗೆ ಹತ್ತಿರದ ಬೆಂಗಳೂರಿಗೆ ಕೊಟ್ಟಿರೋ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಸಿಗುತ್ತೆ. ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದರೆ 66 ಕೆ.ಜಿ. ಭಾರದಷ್ಟು. ನನ್ನ ಚಾವಣಿ 9 ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಒಟ್ಟು 600 ಕೆ.ಜಿ. ಆಯಿತು. ಅದರಲ್ಲಿ ಅರ್ಧ ಮೇಲಕ್ಕೆ ಎಳೆದರೂ 300 ಅಲ್ವಾ? ಸಾಲದ್ದಕ್ಕೆ ಗೋಡೆಗೂ ಚಾವಣಿಗೂ ನಡುವಿನ ಸಂದಿಯಲ್ಲಿ ಗಾಳಿ ನುಗ್ಗಿ ಒಳಗಿನಿಂದಲೂ ಎತ್ತುತ್ತೆ.

ಈಗ ಹೊಸದಾಗಿ ಮಾಡಿಸಿದ್ದೇನೆ. ಹಳಿಯ ಕೆಳಗೆ ಅಗಲವಾದ ಪಟ್ಟಿ ವೆಲ್ಡ್ ಮಾಡಿ, ಅದರ ಅಂಚು ಗೋಡೆಯಿಂದ ಹೊರಗೆ ಚಾಚುವಂತೆ ಬಿಟ್ಟಿದ್ದಾರೆ. ಪ್ರತಿ ಚಕ್ರದ ಪಕ್ಕ ಒಂದು ದಪ್ಪ ಕೊಕ್ಕೆ ಇದೆ. ಅದು ಆ ಅಂಚಿನ ಅಡಿಗೆ ಬಾಗಿ ಹಿಡಿಯುತ್ತೆ. ಹಾಗಾಗಿ ಚಾವಣಿ ತೆರೆದಿದ್ದರೂ ಹಿಡಿತ ತಪ್ಪಲ್ಲ. ಮುಚ್ಚಿದಾಗ ನಾಲ್ಕೂ ಮೂಲೆಗೆ ಟರ್ನ್‌ಬಕಲ್, ಅಂದರೆ ತಿರುಗಿಸಿ ಬಿಗಿ ಮಾಡೋ ಕೊಂಡಿ. ಹಳಿಯ ಬೋಲ್ಟ್‌ಗಳನ್ನು ಬರೀ ಇಟ್ಟಿಗೆಗೆ ಹಾಕಿಸಬೇಡಿ, ಗೋಡೆಯ ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕಿಸಿ ಅದಕ್ಕೇ ಕೂರಿಸಿ.

ಬಾಕಿ ಹಣ ಕೊಡುವ ಮೊದಲು ಚಾವಣಿಯ ಒಂದು ಮೂಲೆಯ ಕೆಳಗೆ ಕಾರಿನ ಜಾಕ್ ಇಟ್ಟು ಮೆಲ್ಲಗೆ ಎತ್ತಿ ನೋಡಿ. ಚಕ್ರ ಹಳಿ ಬಿಟ್ಟು ಮೇಲೆದ್ದರೆ ಅವರ ಕೆಲಸ ಇನ್ನೂ ಮುಗಿದಿಲ್ಲ.