ದೀನಬಂಧು ಗೋಬರ್ ಗ್ಯಾಸ್: ಹಾಕಿಸುವ ಮೊದಲು ಕೊಟ್ಟಿಗೆ ನೋಡಿಕೊಳ್ಳಿ

ಗೋಬರ್ ಗ್ಯಾಸ್ ಹಾಕಿಸಬಹುದಾ ಅಂತ ಯಾರೇ ಕೇಳಲಿ, ನಾನು ಮೊದಲು ಕೇಳುವುದು ಕೊಟ್ಟಿಗೆಯಲ್ಲಿ ಎಷ್ಟು ದನ ಇವೆ ಅಂತ. ಹಾಕಿಕೊಡುವವರು ಮನೆಯಲ್ಲಿ ಎಷ್ಟು ಜನ ಅಂತ ಕೇಳುತ್ತಾರೆ. ಐದಾರು ಜನ ಅಂದರೆ ಎರಡು ಘನ ಮೀಟರ್, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವಂಥದ್ದು, ಅಂತ ಬರೆದುಕೊಂಡು ಹೋಗುತ್ತಾರೆ. ಅಷ್ಟು ದೊಡ್ಡದಕ್ಕೆ ದಿನಾ ಸುಮಾರು 50 ಕೆಜಿ ಸಗಣಿ ಬೇಕು ಅನ್ನುವ ಮಾತು ಕೊನೆಗೆ ಬರುತ್ತದೆ.

ನಮ್ಮದು ಮಲೆನಾಡಿನ ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಹಾಕಿಸಿರುವುದು ದೀನಬಂಧು ಮಾದರಿ. ಆಫ್ಪ್ರೊ ಎಂಬ ಸಂಸ್ಥೆ 1984ರಲ್ಲಿ ತಂದ ಮಾದರಿ ಇದು. ಇಟ್ಟಿಗೆ, ಸಿಮೆಂಟಿನ ಗುಮ್ಮಟ ನೆಲದೊಳಗೆ ಇರುತ್ತದೆ. ಹಿಂದಿನ ಮಾದರಿಯಂತೆ ಗ್ಯಾಸ್ ಹಿಡಿದಿಡಲು ಮೇಲೆ ಕೆಳಗೆ ಆಡುವ ಕಬ್ಬಿಣದ ಡ್ರಮ್ ಇಲ್ಲ. ನಮ್ಮ ಕಡೆಯ ಮಳೆಗೆ ಆ ಡ್ರಮ್ ತುಕ್ಕು ಹಿಡಿದು ತೂತಾಗಿದ್ದನ್ನು ಅಕ್ಕಪಕ್ಕದ ಮನೆಗಳಲ್ಲಿ ನೋಡಿದ್ದೇನೆ. ನಮ್ಮ ಗುಮ್ಮಟ ಕಟ್ಟಿ ಏಳೆಂಟು ವರ್ಷ ಆಯ್ತು, ಎಲ್ಲೂ ಬಿರುಕು ಬಿಟ್ಟಿಲ್ಲ. ಮೇಸ್ತ್ರಿ ಕೆಲಸಕ್ಕೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ.

ಉರಿ ಚೆನ್ನಾಗಿದೆ. ನೀಲಿ ಉರಿ, ಪಾತ್ರೆಗೆ ಮಸಿ ಇಲ್ಲ, ಅಡಿಗೆಮನೆಗೆ ಸಗಣಿ ವಾಸನೆಯೂ ಬರುವುದಿಲ್ಲ. ಒಂದು ಘನ ಮೀಟರ್ ಗ್ಯಾಸ್ ಅಂದರೆ ಹೆಚ್ಚು ಕಡಿಮೆ ಅರ್ಧ ಕೆಜಿ ಎಲ್‌ಪಿಜಿ ಇದ್ದ ಹಾಗೆ. ಎರಡು ಜೆರ್ಸಿ, ಒಂದು ಎಮ್ಮೆ ಇದ್ದಾಗ ನಮಗೆ ಸಿಲಿಂಡರಿನ ನೆನಪೇ ಆಗುತ್ತಿರಲಿಲ್ಲ. ನಮ್ಮ ದೇಶ ಉರಿಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತದೆ. ಭೂಮಿಯಿಂದ ತೆಗೆಯುವ ಆ ಎಲ್‌ಪಿಜಿ ಎಂದಾದರೂ ಒಂದು ದಿನ ಮುಗಿಯುವಂಥದ್ದು. ನಮ್ಮದೇ ಹಿತ್ತಲಲ್ಲಿ ಉರಿ ಹುಟ್ಟುತ್ತದೆ ಅಂದರೆ ನನಗೆ ಅದು ದೊಡ್ಡ ಸಂಗತಿ.

ಆದರೆ ಸಗಣಿಗೆ ಕೊನೆಯಿಲ್ಲ ಅಂತ ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ. ದನ ಇದ್ದರೆ ಸಗಣಿ, ಹುಲ್ಲು ಇದ್ದರೆ ದನ. ಊರ ದನ ಮೇಯುತ್ತಿದ್ದ ಬ್ಯಾಣದಲ್ಲಿ ಈಗ ಅಕೇಶಿಯಾ ನಿಂತಿದೆ. ಅದರ ಸೊಪ್ಪನ್ನು ದನ ಮೂಸಿಯೂ ನೋಡುವುದಿಲ್ಲ, ಅಡಿಯಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಒಣಹುಲ್ಲು ಕೊಂಡು ಸಾಕುವುದು ಕಷ್ಟ ಅಂತ ನಾವೂ ಒಂದು ಜೆರ್ಸಿ ಮಾರಿದೆವು. ಈಗ ಇರುವುದು ಒಂದು ಜೆರ್ಸಿ, ನಮ್ಮ ಕಡೆಯ ಸಣ್ಣ ತಳಿಯ ಮಲೆನಾಡು ಗಿಡ್ಡ ಮೂರು. ಗಿಡ್ಡ ಹಗಲೆಲ್ಲ ಗುಡ್ಡದಲ್ಲಿ ಮೇಯುತ್ತದೆ, ಸಗಣಿಯನ್ನೂ ಅಲ್ಲೇ ಹಾಕುತ್ತದೆ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಒಂದೊಂದರ ಹಿಂದೆ ಮೂರ್ನಾಲ್ಕು ಕೆಜಿ ಸಿಕ್ಕರೆ ದೊಡ್ಡದು. ಹಾಗಾಗಿ ಮಧ್ಯಾಹ್ನದ ಅಡಿಗೆವರೆಗೆ ಗೋಬರ್ ಗ್ಯಾಸ್, ರಾತ್ರಿಗೆ ಸಿಲಿಂಡರ್.

ದಿನದ ಕೆಲಸ ಎಷ್ಟು ಅಂತಲೂ ತಿಳಿದಿರಲಿ. ಸಗಣಿ ಎಷ್ಟೋ ನೀರೂ ಅಷ್ಟೇ ಹಾಕಿ ತೊಟ್ಟಿಯಲ್ಲಿ ಕೈಯಲ್ಲೇ ಕಲಸಬೇಕು. ಗಂಟು ಒಡೆಯಬೇಕು. ಕೈಗೆ ಸಿಕ್ಕ ಹುಲ್ಲಿನ ಎಳೆಯನ್ನೆಲ್ಲ ಹೆಕ್ಕಿ ತೆಗೆಯಬೇಕು. ಬಿಟ್ಟರೆ ಒಳಗೆ ತೇಲಿ ಮೇಲೆ ದಪ್ಪ ಪದರ ಕಟ್ಟುತ್ತದೆ, ಗ್ಯಾಸ್ ಏಳಲು ಬಿಡುವುದಿಲ್ಲ. ಏನೇ ಆದರೂ ಗ್ಯಾಸಿನ ಗುಂಡಿಯೊಳಗೆ ಯಾರೂ ಇಳಿಯಬಾರದು, ಒಳಗಿನ ಗಾಳಿ ಜೀವ ತೆಗೆಯುತ್ತದೆ.

ಮಳೆಗಾಲದಲ್ಲಿ ತಕರಾರು ಜಾಸ್ತಿ. ಚಳಿಗೆ ಗ್ಯಾಸ್ ಹುಟ್ಟುವುದೇ ಕಮ್ಮಿ. ಉರಿ ಕುಪ್ಪಳಿಸಲು ಶುರು ಮಾಡಿದರೆ ಪೈಪಿನಲ್ಲಿ ನೀರು ಕೂತಿದೆ ಅಂತ ಲೆಕ್ಕ. ಗ್ಯಾಸಿನ ಜೊತೆ ಬಂದ ಹಬೆ ತಣ್ಣಗಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲೊಂದು ನಲ್ಲಿ ಇಡಿಸಿಕೊಳ್ಳಿ, ಆಗಾಗ ತಿರುಗಿಸಿ ನೀರು ಬಿಟ್ಟರೆ ಸಾಕು. ನನಗೆ ಬೇಜಾರಾಗಿದ್ದು ಒಲೆ ಕೊಟ್ಟ ಅಂಗಡಿಯವರಿಂದ. ತೆಳು ಬರ್ನರ್ ಎರಡನೇ ಮಳೆಗಾಲಕ್ಕೇ ಉದುರಿತು, ತಿರುಗಣೆ ಕಚ್ಚಿಕೊಂಡಿತು. ಫೋನ್ ಮಾಡಿದರೆ "ಮಳೆ ಬಿಡ್ಲಿ ಅಮ್ಮಾ, ನೋಡೋಣ" ಅಂದರು. ಮಳೆ ಬಿಟ್ಟ ಮೇಲೆ ಫೋನೇ ಎತ್ತಲಿಲ್ಲ. ಈ ಗ್ಯಾಸಿನಲ್ಲಿ ಗಂಧಕದ ಅಂಶ ಇರುತ್ತದೆ, ತೆಳು ತಗಡನ್ನು ತಿಂದುಹಾಕುತ್ತದೆ. ದುಡ್ಡು ಜಾಸ್ತಿಯಾದರೂ ಬೀಡು ಕಬ್ಬಿಣದ ದಪ್ಪ ಬರ್ನರ್ ಇರುವುದನ್ನೇ ಕೇಳಿ ತನ್ನಿ.

ಇನ್ನು ಸ್ಲರಿ, ಅಂದರೆ ಗ್ಯಾಸ್ ಬಿಟ್ಟ ಮೇಲೆ ಹೊರಗೆ ಬರುವ ಸಗಣಿ ರಾಡಿ. ನನ್ನನ್ನು ಕೇಳಿದರೆ ಉರಿಗಿಂತ ಇದೇ ದೊಡ್ಡ ಲಾಭ. "ಗ್ಯಾಸೆಲ್ಲ ಹೋದ ಮೇಲೆ ಗೊಬ್ಬರದಲ್ಲಿ ಸತ್ವ ಏನುಳೀತೇ?" ಅಂತ ಅತ್ತೆ ಕೇಳಿದ್ದರು. ಒಲೆಗೆ ಹೋಗುವುದು ಬಹುಪಾಲು ಮೀಥೇನ್, ಇಂಗಾಲದ ಡೈಆಕ್ಸೈಡ್. ಗಿಡಕ್ಕೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಸ್ಲರಿಯಲ್ಲೇ ಉಳಿಯುತ್ತವೆ. ಬಿಸಿಲಿಗೆ ಒಣಗಿಸಿದರೆ ಮಾತ್ರ ಸಾರಜನಕ ಗಾಳಿಗೆ ಹೋಗುತ್ತದೆ. ಅದಕ್ಕೆ ನಾವು ಗೊಬ್ಬರದ ಗುಂಡಿಯಲ್ಲಿ ದರಗು, ಅಂದರೆ ಒಣಗಿದ ಎಲೆ, ಹರಡಿ ಅದರ ಮೇಲೆ ಸ್ಲರಿ ಬಿಡುತ್ತೇವೆ, ಮೇಲೆ ಮತ್ತೆ ದರಗು ಮುಚ್ಚುತ್ತೇವೆ. ಮಳೆಗಾಲ ಮುಗಿದು ತೋಟಕ್ಕೆ ಹೊರುವ ಹೊತ್ತಿಗೆ ಕಪ್ಪಗೆ ಪುಡಿಪುಡಿ ಆಗಿರುತ್ತದೆ.

ಹಿಂದೆ ಕೊಟ್ಟಿಗೆಗೆ ಹಸಿ ಸೊಪ್ಪು ಹಾಸುತ್ತಿದ್ದೆವು. ಅದಕ್ಕೆ ಸೊಪ್ಪಿನಬೆಟ್ಟದ, ಅಂದರೆ ತೋಟದವರು ಸೊಪ್ಪು ತರುವ ಕಾಡಿನ, ಮರಗಳನ್ನು ಪ್ರತಿ ವರ್ಷ ಬೋಳು ಮಾಡುತ್ತಿದ್ದೆವು. ಗ್ಯಾಸಿಗೆ ಸೊಪ್ಪು ಸೇರದ ಸಗಣಿ ಬೇಕು ಅಂತ ಕೊಟ್ಟಿಗೆಗೆ ಕಲ್ಲು ಹಾಸಿಸಿದ ಮೇಲೆ ಸೊಪ್ಪು ಕಡಿಯುವುದು ಬಹಳ ಕಮ್ಮಿಯಾಗಿದೆ, ಉದುರಿದ ದರಗೇ ಸಾಕಾಗುತ್ತಿದೆ. ಕಡ್ಡಿಯಂತಿದ್ದ ನಮ್ಮ ಮತ್ತಿ ಮರಗಳು ಈಗ ಕೊಂಬೆ ಬಿಟ್ಟು ಅಗಲವಾಗಿವೆ. ಇದನ್ನು ಯಾವ ಕಂಪನಿಯ ಹಾಳೆಯಲ್ಲೂ ಬರೆದಿರುವುದಿಲ್ಲ. ನನಗಂತೂ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಇದೇ.

ಸೌದೆ ಪೂರ್ತಿ ನಿಂತಿಲ್ಲ. ಬಚ್ಚಲ ಹಂಡೆಗೆ ಈಗಲೂ ಅಡಿಕೆ ಸಿಪ್ಪೆ, ಸೋಗೆ ಉರಿಸುತ್ತೇವೆ.

ಕಟ್ಟಿ ಹಾಕಿ ಮೇಯಿಸುವ ದೊಡ್ಡ ದನ ನಾಲ್ಕೈದು ಇದ್ದರೆ ಎರಡು ಘನ ಮೀಟರ್ ಹಾಕಿಸಿ. ಎರಡೇ ಇದ್ದರೆ ಒಂದು ಘನ ಮೀಟರ್ ಸಾಕು, ಅದಕ್ಕೆ 25 ಕೆಜಿ ಸಗಣಿಯಲ್ಲಿ ನಡೆಯುತ್ತದೆ. ಬರೀ ಗಿಡ್ಡ ಒಂದೆರಡು ಇರುವವರು ಇದಕ್ಕೆ ಕೈ ಹಾಕಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಎಂಬ ಸೌದೆ ಒಲೆ ಕಟ್ಟಲು ಬರುವವರು ಯಾರಾದರೂ ಹತ್ತಿರದಲ್ಲಿ ಇದ್ದರೆ ಅದನ್ನು ಹಾಕಿಸಿ. ಖರ್ಚು ಕಮ್ಮಿ, ಸೌದೆ ಉಳಿಯುತ್ತದೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ.