ಮೊದಲ ದಿನವೇ ಎಸ್‌ಇಲಿನಕ್ಸ್ ಆಫ್ ಮಾಡಿಸುವ ಕ್ಲಾಸಿಗೆ ದುಡ್ಡು ಕಟ್ಟಬೇಡಿ

ದಾವಣಗೆರೆಯಲ್ಲಿ ಆರ್‌ಎಚ್‌ಸಿಎಸ್‌ಎ (ಲಿನಕ್ಸ್ ಯಂತ್ರ ನಿರ್ವಹಣೆಗೆ ರೆಡ್ ಹ್ಯಾಟ್ ಕಂಪನಿ ಕೊಡುವ ಪ್ರಮಾಣಪತ್ರ) ಕೋರ್ಸ್ ಹುಡುಕುತ್ತಿರುವ ಡಿಪ್ಲೊಮಾ, ಬಿಸಿಎ, ಬಿಇ ಮಕ್ಕಳಿಗೆ ಇದು. ಊರಿನ ಒಂದು ತರಬೇತಿ ಕೇಂದ್ರದಲ್ಲಿ (ಹೆಸರು ಬೇಡ, ಲಕ್ಷಣ ಹೇಳಿದರೆ ಸಾಕು) ಒಂದು ಬ್ಯಾಚಿಗೆ ಆದದ್ದನ್ನು ಬರೆಯುತ್ತಿದ್ದೇವೆ. ಹರಿಹರ, ಚನ್ನಗಿರಿ, ಜಗಳೂರಿನಿಂದ ದಿನಾ ಬಸ್ಸಿಗೆ ಓಡಾಡುತ್ತಿದ್ದವರೂ ಅದರಲ್ಲಿದ್ದರು. ಎರಡು ತಿಂಗಳು, ತಲಾ 28,000 ರೂಪಾಯಿ. "ಎಕ್ಸಾಮ್ ಸೇರಿ" ಅಂತ ಬಾಯಲ್ಲಿ ಹೇಳಿದ್ದರು. ರಸೀದಿಯಲ್ಲಿ ಇದ್ದದ್ದು "ತರಬೇತಿ ಶುಲ್ಕ" ಅಷ್ಟೇ.

ಕೊನೆಯ ವಾರ ಒಬ್ಬಳು ಕೇಳಿದಳು: "ಸಾರ್, ಎಕ್ಸಾಮ್ ಫೀಸು ಇದ್ರಲ್ಲೇ ಐತೆ ಅಂದಿದ್ರಲ್ಲ?"

"ಐತಲ್ಲಮ್ಮ, ನಮ್ ಎಕ್ಸಾಮಿಂದು. ರೆಡ್ ಹ್ಯಾಟ್‌ದು ನೀವೇ ಕಟ್ಕೋಬೇಕು."

ಈ "ನಮ್ ಎಕ್ಸಾಮ್" 40 ಬಹು ಆಯ್ಕೆ ಪ್ರಶ್ನೆಗಳದ್ದು. ಮುಗಿದ ಮೇಲೆ ಕೆಂಪು ಟೋಪಿಯ ಚಿತ್ರವಿರುವ ಲ್ಯಾಮಿನೇಶನ್ ಮಾಡಿದ ಕಾಗದ. ಅಸಲಿ ಪರೀಕ್ಷೆಯ ಸಂಕೇತ ಇಎಕ್ಸ್ 200. ಅದರಲ್ಲಿ ಬಹು ಆಯ್ಕೆಯ ಪ್ರಶ್ನೆ ಒಂದೂ ಇರುವುದಿಲ್ಲ. 3 ಗಂಟೆ ಯಂತ್ರದ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು. 300ಕ್ಕೆ 210 ಬಂದರೆ ಪಾಸು, ಪ್ರಮಾಣಪತ್ರಕ್ಕೆ 3 ವರ್ಷ ಆಯುಸ್ಸು. ಅದರ ಮೇಲಿನ ಸಂಖ್ಯೆಯನ್ನು ರೆಡ್ ಹ್ಯಾಟ್ ತಾಣದಲ್ಲಿ ಹಾಕಿ ಯಾರು ಬೇಕಾದರೂ ತಾಳೆ ನೋಡಬಹುದು. ಲ್ಯಾಮಿನೇಶನ್ ಕಾಗದದ ಮೇಲೆ ಅಂಥ ಸಂಖ್ಯೆಯೇ ಇರಲಿಲ್ಲ.

ದುಡ್ಡಿನ ಕಥೆ ಇಷ್ಟು. ಅದಕ್ಕಿಂತ ಹೆಚ್ಚು ಕೆಡಿಸಿದ್ದು ಕಲಿಸಿದ ರೀತಿ.

ಲ್ಯಾಬಿನಲ್ಲಿದ್ದದ್ದು ಸೆಂಟ್‌ಒಎಸ್ 7, ರೆಡ್ ಹ್ಯಾಟ್ ಲಿನಕ್ಸಿನ ಆವೃತ್ತಿ 7ರ ಉಚಿತ ರೂಪ. ಅದರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ, ಸಾಫ್ಟ್‌ವೇರ್ ಎಲ್ಲಿಂದ ಇಳಿಸಬೇಕೆಂದು ಹೇಳುವ ಅದರ ಮಿರರ್‌ಲಿಸ್ಟ್ ವಿಳಾಸವೂ ಈಗ ಇಲ್ಲ. ಸಾಫ್ಟ್‌ವೇರ್ ಹಾಕಲು ಯಮ್ ಇನ್‌ಸ್ಟಾಲ್ ಕೊಟ್ಟರೆ ವಿಳಾಸ ಸಿಗುತ್ತಿಲ್ಲ ಅನ್ನುವ ಎರರ್ ಬರುತ್ತಿತ್ತು. "ನೆಟ್ ಸ್ಲೋ ಐತೆ" ಅನ್ನುವುದು ಮೇಷ್ಟ್ರ ಉತ್ತರ. ನೆಟ್‌ವರ್ಕ್ ಪಾಠವೆಲ್ಲ ಐಪಿ ವಿಳಾಸ ಬರೆದಿಡುವ ಹಳೆಯ ಐಎಫ್‌ಸಿಎಫ್‌ಜಿ ಕಡತಗಳ ಮೇಲೆ. ರೆಡ್ ಹ್ಯಾಟ್ ಲಿನಕ್ಸಿನ ಆವೃತ್ತಿ 9ರಲ್ಲಿ ಆ ಹಳೆಯ ನೆಟ್‌ವರ್ಕ್ ಸ್ಕ್ರಿಪ್ಟುಗಳನ್ನೇ ತೆಗೆದುಹಾಕಿದ್ದಾರೆ, ಐಪಿ ಕೂರಿಸಬೇಕಾದದ್ದು ಎನ್‌ಎಂಸಿಎಲ್‌ಐ ಎಂಬ ಕಮಾಂಡಿನ ಮೂಲಕ.

ಮೊದಲ ದಿನದ ಮೊದಲ ಕೆಲಸ ಏನಿತ್ತು ಗೊತ್ತೇ? ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಂ ಏನನ್ನು ಮುಟ್ಟಬಹುದು ಎಂದು ಕಾಯುವ ಲಿನಕ್ಸಿನ ಕಾವಲು) ಡಿಸೇಬಲ್, ಫೈರ್‌ವಾಲ್‌ಡಿ (ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್) ಡಿಸೇಬಲ್. "ಇವೆರಡು ಇದ್ರೆ ಏನೂ ನಡೆಯಲ್ಲ" ಅಂತ ಕಾರಣ. ಮನೆ ಬಾಗಿಲು ಕಿತ್ತಿಟ್ಟು ಬೀಗ ರಿಪೇರಿ ಕಲಿಸಿದ ಹಾಗೆ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಯಂತ್ರದ ಮುಖ್ಯ ಖಾತೆಯಾದ ರೂಟ್‌ನ ಪಾಸ್‌ವರ್ಡ್ ಮರುಹೊಂದಿಸುವ ಪಾಠವನ್ನೇ ನೋಡಿ. ಯಂತ್ರ ಶುರುವಾಗುವಾಗ ಬರುವ ಗ್ರಬ್ ಪರದೆಯಲ್ಲಿ 'ಇ' ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ತುದಿಗೆ ಆರ್‌ಡಿ ಡಾಟ್ ಬ್ರೇಕ್ ಸೇರಿಸಿ ಬೂಟ್ ಮಾಡಬೇಕು. ಅಸಲಿ ಸಿಸ್ಟಂ ಇರುವ ಸಿಸ್‌ರೂಟನ್ನು ರೀಡ್-ರೈಟ್ ಆಗಿ ರೀಮೌಂಟ್ ಮಾಡಿ, ಸಿಎಚ್‌ರೂಟ್ ಕಮಾಂಡಿನಿಂದ ಅದರೊಳಗೆ ಹೊಕ್ಕು ಪಾಸ್‌ವರ್ಡ್ ಬದಲಿಸಬೇಕು. ಹೊರಗೆ ಬರುವ ಮುಂಚೆ ಇನ್ನೊಂದು ಹೆಜ್ಜೆ ಇದೆ: ಬೇರು ಡೈರೆಕ್ಟರಿಯಲ್ಲಿ ಡಾಟ್ ಆಟೋರೀಲೇಬಲ್ ಎಂಬ ಖಾಲಿ ಕಡತವನ್ನು ಟಚ್ ಮಾಡಬೇಕು, ಮುಂದಿನ ಬೂಟಿನಲ್ಲಿ ಕಡತಗಳ ಎಸ್‌ಇಲಿನಕ್ಸ್ ಲೇಬಲ್ ಸರಿಯಾಗುವುದು ಅದರಿಂದ. ಈ ಬ್ಯಾಚಿಗೆ ಆ ಹೆಜ್ಜೆಯನ್ನೇ ಹೇಳಿಕೊಡಲಿಲ್ಲ, ಎಸ್‌ಇಲಿನಕ್ಸ್ ಆಫ್ ಇದ್ದುದರಿಂದ ಅದಿಲ್ಲದೆಯೂ ಲಾಗಿನ್ ಆಗುತ್ತಿತ್ತು. ಎಸ್‌ಇಲಿನಕ್ಸ್ ಎನ್‌ಫೋರ್ಸಿಂಗ್ (ಪೂರ್ತಿ ಜಾರಿಯಲ್ಲಿ) ಇರುವ ಯಂತ್ರದಲ್ಲಿ ಹಾಗೆ ಮಾಡಿದರೆ ಪಾಸ್‌ವರ್ಡ್ ಇಡುವ ಶ್ಯಾಡೋ ಕಡತದ ಲೇಬಲ್ ತಪ್ಪಾಗಿ ಕೂರುತ್ತದೆ. ಪಾಸ್‌ವರ್ಡ್ ಸರಿ ಹೊಡೆದರೂ ಯಂತ್ರ ಒಳಗೆ ಬಿಡುವುದಿಲ್ಲ. ಒಳಗೇ ಹೋಗಲಾಗದ ಯಂತ್ರದ ಮೇಲಿನ ಉಳಿದ ಪ್ರಶ್ನೆಗಳ ಗತಿ ಏನು, ನೀವೇ ಲೆಕ್ಕ ಹಾಕಿ.

ವೆಬ್ ಸರ್ವರ್ ಪಾಠವೂ ಹಾಗೇ. ಅಭ್ಯಾಸಕ್ಕೆ ಎಚ್‌ಟಿಟಿಪಿಡಿ ಎಂಬ ವೆಬ್ ಸರ್ವರನ್ನು 8899ನೇ ಪೋರ್ಟಿನಲ್ಲಿ ಓಡಿಸಿ ನೋಡಿ. ಎಸ್‌ಇಲಿನಕ್ಸ್ ಇದ್ದರೆ "ಪರ್ಮಿಶನ್ ಡಿನೈಡ್" ಎಂದು ಸರ್ವಿಸ್ ಬಿದ್ದುಬಿಡುತ್ತದೆ. ಸೆಮ್ಯಾನೇಜ್ ಪೋರ್ಟ್ ಕಮಾಂಡ್ ಬಳಸಿ ಆ ಪೋರ್ಟಿಗೆ ಎಚ್‌ಟಿಟಿಪಿ ಪೋರ್ಟ್ ಟೈಪ್ ಕೊಡಬೇಕು. ಫೈರ್‌ವಾಲಿನಲ್ಲಿ ಪರ್ಮನೆಂಟ್ ಆಗಿ ತೆರೆದು ರೀಲೋಡ್ ಮಾಡಬೇಕು. ಕೊನೆಗೆ ಸರ್ವಿಸನ್ನು ಸ್ಟಾರ್ಟ್ ಮಾಡಿದರಷ್ಟೇ ಸಾಲದು, ಬೂಟ್ ಆದಾಗಲೆಲ್ಲ ತಾನೇ ಶುರುವಾಗುವಂತೆ ಎನೇಬಲ್ ಕೂಡ ಆಗಬೇಕು. ಪರ್ಮನೆಂಟ್ ಬಿಟ್ಟವರಿಗೂ ಎನೇಬಲ್ ಬಿಟ್ಟವರಿಗೂ ಆ ಕ್ಷಣಕ್ಕೆ ಪುಟ ಕಾಣುತ್ತದೆ, ರೀಬೂಟ್ ಆದ ಮೇಲೆ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬರುವುದು ರೀಬೂಟ್ ಆದ ಮೇಲೂ ಉಳಿದದ್ದು ಮಾತ್ರ. ಎರಡು ತಿಂಗಳಲ್ಲಿ ಆ ಲ್ಯಾಬಿನ ಯಂತ್ರಗಳನ್ನು ಪಾಠಕ್ಕೆಂದು ರೀಬೂಟ್ ಮಾಡಿಸಿದ್ದು ಆ ಪಾಸ್‌ವರ್ಡ್ ಪಾಠದ ದಿನ ಮಾತ್ರ.

ಕೈಯಿಂದ ದುಡ್ಡು ಕಟ್ಟಿ ಪರೀಕ್ಷೆ ಬರೆದ ಹುಡುಗನೊಬ್ಬ ಸೋತದ್ದು ಎಫ್‌ಎಸ್‌ಟ್ಯಾಬಿನ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಕಡತ) ಒಂದು ಸಾಲಿನಲ್ಲಿ. ಡಿಸ್ಕಿನ ಗುರುತು ಸಂಖ್ಯೆಯಾದ ಯುಯುಐಡಿಯಲ್ಲಿ ಒಂದು ಅಕ್ಷರ ತಪ್ಪು. ಕೈಯಾರೆ ಮೌಂಟ್ ಮಾಡಿದಾಗ ಡಿವೈಸ್ ಹೆಸರು ಕೊಟ್ಟಿದ್ದರಿಂದ ತಪ್ಪು ಗೊತ್ತಾಗಲಿಲ್ಲ. ಕೊನೆಯಲ್ಲಿ ರೀಬೂಟ್ ಕೊಟ್ಟ, ಯಂತ್ರ ಎಮರ್ಜೆನ್ಸಿ ಮೋಡಿಗೆ ಹೋಗಿ ಕೂತಿತು. ರೂಟ್ ಪಾಸ್‌ವರ್ಡ್ ಕೊಟ್ಟು, ಆ ಸಾಲು ತಿದ್ದಿ, ಮತ್ತೆ ಬೂಟ್ ಮಾಡಿದರೆ ಐದು ನಿಮಿಷದ ಕೆಲಸ. ಆ ಪರದೆಯನ್ನು ಅವನು ಜೀವಮಾನದಲ್ಲಿ ನೋಡಿರಲಿಲ್ಲ. ಎಫ್‌ಎಸ್‌ಟ್ಯಾಬ್ ಮುಟ್ಟಿದ ಪ್ರತಿ ಸಲ ಫೈಂಡ್‌ಮೌಂಟ್ ವೆರಿಫೈ, ಆಮೇಲೆ ಮೌಂಟ್ ಮೈನಸ್ ಎ, ಎರಡರಲ್ಲೂ ಎರರ್ ಬರದಿದ್ದರೆ ಮಾತ್ರ ರೀಬೂಟ್. ರೀಬೂಟನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಬೇಡಿ, ಡಿಸ್ಕ್ ಕೆಲಸ ಮುಗಿದ ತಕ್ಷಣ ಮಾಡಿ.

ಕೊನೇ ವಾರ "ಡಂಪ್" (ಪರೀಕ್ಷೆಯಲ್ಲಿ ಬಂದವು ಎನ್ನುವ ಪ್ರಶ್ನೋತ್ತರ) ಎಂದು ಒಂದು ಪಿಡಿಎಫ್ ಕೂಡ ಹಂಚಿದರು, 1,500 ರೂಪಾಯಿ ಬೇರೆ. ಪರೀಕ್ಷೆಯ ಪ್ರಶ್ನೆ ಹೊರಹಾಕುವುದು ಬರೆಯುವವರು ಒಪ್ಪಿಕೊಳ್ಳುವ ಗೌಪ್ಯತೆಯ ಕರಾರಿಗೇ ವಿರುದ್ಧ. ಅದರ ಉತ್ತರಗಳಲ್ಲೂ ಎಸ್‌ಇಲಿನಕ್ಸ್ ಆಫೇ.

ಯಾವುದೇ ಕೇಂದ್ರಕ್ಕೆ ಹೋಗಿ, ಡೆಮೊ ಕ್ಲಾಸ್ ಕೇಳಿ, ಅವರ ಯಂತ್ರದಲ್ಲಿ ನೀವೇ ಗೆಟ್‌ಎನ್‌ಫೋರ್ಸ್ ಟೈಪ್ ಮಾಡಿ. "ಎನ್‌ಫೋರ್ಸಿಂಗ್" ಬರದಿದ್ದರೆ ಅಲ್ಲಿಂದ ಎದ್ದು ಹೋಗಿ ಬೆಣ್ಣೆ ದೋಸೆ ತಿನ್ನಿ, ದುಡ್ಡಿಗೆ ಮೋಸವಿಲ್ಲ. ಇಟಿಸಿ ಒಳಗಿನ ಒಎಸ್-ರಿಲೀಸ್ ಕಡತ ತೆಗೆದರೆ ಆವೃತ್ತಿ ತಿಳಿಯುತ್ತದೆ. 2025ರ ಮೇ ತಿಂಗಳಲ್ಲಿ ಆವೃತ್ತಿ 10 ಬಂದಿದೆ. ನೀವು ಬರೆಯುವ ಪರೀಕ್ಷೆ ಯಾವ ಆವೃತ್ತಿಯದ್ದು ಎಂದು ಇಎಕ್ಸ್ 200ರ ಅಧಿಕೃತ ಪುಟದಲ್ಲಿ ನೋಡಿ, ಅಲ್ಲಿನ ವಿಷಯಪಟ್ಟಿಯನ್ನು ಮೇಷ್ಟ್ರ ಮುಂದಿಟ್ಟು ಯಾವುದನ್ನು ಎಷ್ಟು ದಿನ ಮಾಡಿಸುತ್ತೀರಿ ಎಂದು ಕೇಳಿ.

ಮನೆಯಲ್ಲೇ ಅಭ್ಯಾಸಕ್ಕೆ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಸಾಕು. ಲ್ಯಾಪ್‌ಟಾಪಿನೊಳಗೇ ಬೇರೆ ಯಂತ್ರ ಓಡಿಸುವ ವರ್ಚುವಲ್‌ಬಾಕ್ಸಿನಲ್ಲಿ ತಲಾ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕಿನ ಎರಡು ಯಂತ್ರ ಮಾಡಿ, ಒಂದಕ್ಕೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ವ್ಯವಸ್ಥೆ) ಅಭ್ಯಾಸಕ್ಕೆಂದು 5 ಜಿಬಿಯ ಖಾಲಿ ಡಿಸ್ಕ್ ಸೇರಿಸಿ. ರೆಡ್ ಹ್ಯಾಟಿನ ವೈಯಕ್ತಿಕ ಡೆವಲಪರ್ ಚಂದಾ ಉಚಿತ, 16 ಯಂತ್ರಗಳವರೆಗೆ ಹಾಕಬಹುದು. ಅದಕ್ಕೆ ಹೊಂದುವ ಉಚಿತ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಕೂಡ ನಡೆಯುತ್ತವೆ. ಅಭ್ಯಾಸ ಮಾಡುವಾಗ ಮೊಬೈಲ್ ಪಕ್ಕಕ್ಕಿಡಿ: ಪರೀಕ್ಷೆಯಲ್ಲಿ ಇಂಟರ್ನೆಟ್ ಇಲ್ಲ, ಯಂತ್ರದಲ್ಲೇ ಇರುವ ಕಮಾಂಡ್ ಕೈಪಿಡಿ, ಅಂದರೆ ಮ್ಯಾನ್ ಪುಟಗಳಿವೆ. ಮ್ಯಾನ್ ಮೈನಸ್ ಕೆ ಹಾಕಿ ಹುಡುಕುವುದು ಕೈಗೆ ಹತ್ತಬೇಕು.

ಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಮನೆಯಿಂದಲೂ ಬರೆಯಬಹುದು. ಯುಎಸ್‌ಬಿಯಿಂದ ಬೂಟ್ ಆಗುವ ಕಂಪ್ಯೂಟರ್, ಹೊರಗಿನ ವೆಬ್‌ಕ್ಯಾಮ್ ಬೇಕು. ವೈಫೈ ನೆಚ್ಚಿಕೊಳ್ಳದೆ ಕೇಬಲ್ ಎಳೆಸಿ, ರೂಟರಿಗೂ ಯುಪಿಎಸ್ ಕೊಡಿ.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಹಾಕಿಕೊಂಡವರು ರಸೀದಿ, ಯುಪಿಐ ದಾಖಲೆ, "ಎಕ್ಸಾಮ್ ಸೇರಿ" ಎಂದಿರುವ ವಾಟ್ಸ್ಆ್ಯಪ್ ಸಂದೇಶ ಎಲ್ಲವನ್ನೂ ಎತ್ತಿಡಿ. ಮೊದಲು ಕೇಂದ್ರಕ್ಕೆ ಬರಹದಲ್ಲಿ ಕೇಳಿ, ಬಗ್ಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ನೀವು ಕಟ್ಟಿದ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಈ ಬ್ಯಾಚಿನವರಲ್ಲಿ ಹೆಚ್ಚಿನವರು ನಗದು ಕೊಟ್ಟಿದ್ದರು.