ಜೀಪು ಗೇಟಿನಲ್ಲೇ ಬಿಡಿ ಅಂದ ಹಿನ್ನೀರಿನ ಕ್ಯಾಂಪ್

ಜನವರಿಯಲ್ಲಿ ಸಾಗರದಿಂದ ಭಾವನ ಜೀಪಿನಲ್ಲಿ ಐದು ಜನ ಹೋಗಿದ್ದೆವು. ಶರಾವತಿ ಹಿನ್ನೀರಿನ ದಂಡೆಯ ಒಂದು ಸಣ್ಣ ಕಯಾಕಿಂಗ್ ಕ್ಯಾಂಪ್. ಬೈಯೋದೂ ಸ್ವಲ್ಪ ಇದೆ, ಹಾಗಾಗಿ ಹೆಸರು ಬೇಡ. ಒಬ್ಬರಿಗೆ 900 ರೂಪಾಯಿ, ಊಟ ಸೇರಿ.

ಗೇಟಿನಲ್ಲೇ ಜಗಳ. ನೀರಿನ ತನಕ ನಡೆದೇ ಹೋಗಬೇಕು ಅಂದರು. ನೀರಿಗೆ ಚಕ್ರ ಇಳಿಸಿ ಫೋಟೊ ತೆಗೆಸಿಕೊಳ್ಳದಿದ್ದರೆ ಭಾವನಿಗೆ ಟ್ರಿಪ್ಪೇ ಅಲ್ಲ. ದುಡ್ಡು ವಾಪಸ್ ಕೊಡಿ ಅಂತಲೂ ಕೇಳಿದ. ಅಲ್ಲಿದ್ದ ಹುಡುಗ ಸಿಟ್ಟಾಗದೆ ಬೇಲಿಯಾಚೆಯ ದಂಡೆ ತೋರಿಸಿದ. ಕ್ರಿಸ್‌ಮಸ್ ರಜೆಯಲ್ಲಿ ಓಡಾಡಿದ ಜೀಪುಗಳ ಜಾಡು ಒಣಗಿ ಸಿಮೆಂಟಿನಂತಾಗಿತ್ತು. ಒಂದು ಗರಿಕೆ ಇಲ್ಲ. ಬೇಲಿಯೀಚೆ ಹಸಿರು ಹುಲ್ಲು.

ಈ ಹಿನ್ನೀರು ನಿಂತಿರೋದು ಲಿಂಗನಮಕ್ಕಿ ಅಣೆಕಟ್ಟಿನಿಂದ, ಅದು 1964ರದು. ತುಂಬಿದರೆ ನೀರು ಸಮುದ್ರಮಟ್ಟದಿಂದ 1,819 ಅಡಿಗೆ ಬರುತ್ತದೆ. ಆಮೇಲೆ ಕರೆಂಟಿಗೆ ಬಿಟ್ಟಂತೆಲ್ಲ ಇಳಿಯುತ್ತದೆ. ನಡುವಿನ ಮಣ್ಣಿಗೆ ಕೆಲವು ತಿಂಗಳು ನೀರು, ಕೆಲವು ತಿಂಗಳು ಸುಡುಬಿಸಿಲು. ಅಲ್ಲಿ ಮರ ನಿಲ್ಲೋದು ಕಷ್ಟ, ಹುಲ್ಲೇ ಮಣ್ಣು ಹಿಡಿಯಬೇಕು. ಅದರ ಮೇಲೆ, ತುಂಬಿದ ನೀರಿನ ಗುರುತಿನ ಗುಂಟ, ಇವರು ಅಕೇಶಿಯಾ ತೆಗೆದು ಹೊಳೆಮತ್ತಿ, ನೇರಳೆ, ಹೊಂಗೆ, ವಾಟೆ ನೆಟ್ಟಿದ್ದಾರೆ. ಈಗ ಸೊಂಟದೆತ್ತರ. ದನ ಮೇದು ಮೋಟಾದವೂ ಇವೆ, ಅದನ್ನೂ ಮುಚ್ಚಿಡದೆ ತೋರಿಸಿದರು.

ಕಯಾಕ್‌ನಲ್ಲಿ ಬೋಳು ನಡುಗಡ್ಡೆಗಳ ಹತ್ತಿರ ಬಿಡಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬೇಸಿಗೆಯಲ್ಲಿ ಬರಿ ನೆಲದ ಮೇಲೆ ಮೊಟ್ಟೆ ಇಡೋದನ್ನು ದೂರದಿಂದ ನೋಡಿದ್ದೇನೆ. ದೋಣಿ ಹತ್ತಿರ ಹೋದರೆ ಹಕ್ಕಿ ಏಳುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಹಾಗಾಗಿ ಈ ರೂಲಿಗೆ ನನ್ನ ತಕರಾರಿಲ್ಲ.

ತಕರಾರು ಇರೋದು ಲೈಫ್ ಜಾಕೆಟ್ ಬಗ್ಗೆ. ನನ್ನದರ ಬಕಲ್ ಮುರಿದಿತ್ತು. ಸುಮ್ನೆ ಒಂದು ಹಗ್ಗ ಕಟ್ಟಿಕೊಟ್ಟು 'ಏನಾಗಲ್ಲ ಸಾರ್' ಅಂದರು. ಸಸಿಗೆ ಇಷ್ಟು ಚೆಂದ ಬೇಲಿ ಕಟ್ಟುವವರಿಗೆ ನಾನು ಮುಳುಗಿದರೆ ಪರವಾಗಿಲ್ಲ ಅಲ್ವಾ? ಹಟ ಹಿಡಿದು ಬೇರೆ ಜಾಕೆಟ್ ಈಸಿಕೊಂಡೆ. ಪಾಯಿಖಾನೆ ನೀರಿನಿಂದ ದೂರ, ಗುಡ್ಡದ ಮೇಲಿದೆ. ಒಳ್ಳೇದೇ, ಆದರೆ ಮಂಡಿನೋವಿನ ಅತ್ತೆಗೆ ಹತ್ತೋದು ಜಾಸ್ತಿ ಆಯ್ತು.

ಊಟದಲ್ಲಿ ಅಪ್ಪೆಹುಳಿ ಎರಡು ಲೋಟ ಕುಡಿದೆ. ಉಳಿದದ್ದು ನೆನಪಿಲ್ಲ.

ನನ್ನದು ಮೂರು ಸ್ಟಾರ್. ಜಾಕೆಟ್ ಹೊಸದು ತಂದರೆ ನಾಲ್ಕು. ಭಾವ ಒಂದೇ ಕೊಟ್ಟಿದ್ದಾನೆ, ಅದೂ ಅಪ್ಪೆಹುಳಿಗಂತೆ.